ಹುಣಸೆ ಬೀಜದಲ್ಲಿ ಅಲಿಗಢ ಕಟ್ಟಿದ ನನ್ನ ಅನುಭವ

ಹತ್ತನೇ ತರಗತಿಗೆ ಸಮಾಜ ಸುಧಾರಣೆಯ ಪಾಠ ಮಾಡುವವರಿಗೆಲ್ಲ ಇದು ಗೊತ್ತಿರುತ್ತದೆ. ರಾಜಾರಾಮ್ ಮೋಹನ್ ರಾಯ್, ದಯಾನಂದ ಸರಸ್ವತಿ, ಫುಲೆ ಅಂತ ಓಡಿ ಓಡಿ ಸರ್ ಸೈಯದ್ ಅಹ್ಮದ್ ಖಾನ್ ಹತ್ತಿರ ಬರುವಷ್ಟರಲ್ಲಿ ಮಕ್ಕಳೂ ಸುಸ್ತು, ನಾವೂ ಸುಸ್ತು. ಮುಸ್ಲಿಮರಿಗೆ ಆಧುನಿಕ ಶಿಕ್ಷಣ ಕೊಡಿಸಲು ಹೊರಟ ಅಲಿಗಢ ಚಳವಳಿ, 1875, ಉತ್ತರ ಭಾರತದ ಅಲಿಗಢದಲ್ಲಿ ಅವರು ಕಟ್ಟಿದ ಆಂಗ್ಲೋ ಓರಿಯೆಂಟಲ್ ಕಾಲೇಜು. ಮೂರು ಕಡೆ ಗೆರೆ ಎಳೆಸಿ ಮುಂದಿನ ಪುಟ ತಿರುಗಿಸುತ್ತೇವೆ. ನಾನೂ ಎಂಟೊಂಬತ್ತು ವರ್ಷ ಅದನ್ನೇ ಮಾಡಿದೆ.

ನಮ್ಮದು ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ತರಗತಿಯಲ್ಲಿ ಸುಮಾರು 46 ಮಕ್ಕಳು. ಹತ್ತು ಹದಿನೈದು ಮಂದಿಯ ಮನೆಮಾತು ಉರ್ದು. ಒಂದು ವರ್ಷ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸರ್ ಸೈಯದ್ ಬಗ್ಗೆ ಕೇಳಿದ್ದಕ್ಕೆ ಉತ್ತರ ಬರೆದವರು ಹನ್ನೊಂದು ಜನ. ಅದರಲ್ಲಿ ಇಬ್ಬರು ಅವರನ್ನು ಸಿಪಾಯಿ ದಂಗೆಯಲ್ಲಿ ಕೊಲ್ಲಿಸಿಬಿಟ್ಟಿದ್ದರು. ಆ ಮನುಷ್ಯ 1857ರಲ್ಲಿ ಬಿಜನೋರಿನಲ್ಲಿ ಕಂಪನಿ ಸರ್ಕಾರದ ನೌಕರ, ಇಂಗ್ಲಿಷರ ಜೀವ ಉಳಿಸಿದವರು. ಆಮೇಲೆ ದಂಗೆಗೆ ಸರ್ಕಾರದ ತಪ್ಪುಗಳೇ ಕಾರಣ ಅಂತ ಬರೆದು, ಅಚ್ಚು ಹಾಕಿಸಿ, ಅದೇ ಸರ್ಕಾರಕ್ಕೆ ಕಳಿಸಿದವರು. ಬದುಕಿದ್ದು 1898ರವರೆಗೆ.

ಮೊದಲ ವರ್ಷ ನಾಟಕ ಮಾಡಿಸಿದೆ. ಕರಿ ಕೋಟು, ಕೆಂಪು ಟರ್ಕಿ ಟೋಪಿ, ಬಿಳಿ ಗಡ್ಡ ಎಲ್ಲ ಬಾಡಿಗೆಗೆ ತಂದೆ. ಬಸ್ ಚಾರ್ಜ್ ಸೇರಿ ಸಾವಿರದ ಇನ್ನೂರರ ಹತ್ತಿರ, ನನ್ನ ಜೇಬಿನಿಂದಲೇ. ಎರಡನೇ ದೃಶ್ಯದಲ್ಲಿ ಗಡ್ಡ ಕಿತ್ತು ಬಂತು. ವಾರ್ಷಿಕೋತ್ಸವ ಮುಗಿದ ಮೇಲೂ ಎಲ್ಲರಿಗೂ ನೆನಪಿದ್ದದ್ದು ಆ ಗಡ್ಡ ಒಂದೇ. ಪರೀಕ್ಷೆಯಲ್ಲಿ ಏನೂ ಬದಲಾಗಲಿಲ್ಲ.

ಎರಡನೇ ವರ್ಷ ಗೋಡೆ ಪತ್ರಿಕೆ. 1866ರಲ್ಲಿ ಶುರುವಾದ ಅಲಿಗಢ ಇನ್‌ಸ್ಟಿಟ್ಯೂಟ್ ಗೆಜೆಟ್‌ನಲ್ಲಿ ಒಂದು ಕಾಲಂ ಇಂಗ್ಲಿಷ್, ಪಕ್ಕದ ಕಾಲಂ ಉರ್ದು. ನಾವು ಕನ್ನಡ, ಉರ್ದು ಮಾಡೋಣ ಅಂದುಕೊಂಡೆವು. ಆದರೆ ಉರ್ದು ಮಾತಾಡುವ ಮಕ್ಕಳಲ್ಲಿ ಬರೆಯಲು ಬರುತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಹುಡುಗಿ ಮರುದಿನ ತನ್ನ ಅಜ್ಜನನ್ನೇ ಕರೆತಂದಳು. ಹಣೆಯಲ್ಲಿ ವಿಭೂತಿ, ತೊಂಬತ್ತರ ಹತ್ತಿರದ ವಯಸ್ಸು, ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ನೆಲದ ಮೇಲೆ ಕೂತು ಸ್ಕೆಚ್ ಪೆನ್ನಿನಲ್ಲಿ ಬಲದಿಂದ ಎಡಕ್ಕೆ ಎಷ್ಟು ಸಲೀಸಾಗಿ ಬರೆದರು ಅಂದರೆ, ಮನೆಯಲ್ಲಿ ಉರ್ದು ಮಾತಾಡುವ ಹುಡುಗರು ಬಾಯಿ ಬಿಟ್ಟು ನೋಡಿದರು. "ಮೊದ್ಲು ಕನ್ನಡ ಕಲಿಲಾಕ ನಾ ಅತ್ತೀನ್ರೀ ಸರ" ಅಂದರು. ಪತ್ರಿಕೆ ಮೂರು ಸಂಚಿಕೆಗೆ ನಿಂತಿತು. ಅಜ್ಜನಿಗೆ ಕಣ್ಣಿನ ಆಪರೇಷನ್ ಆಯಿತು, ನನಗೆ ಜನಗಣತಿ ತರಬೇತಿ ಬಂತು.

ಮೂರನೇ ವರ್ಷ ಬೇಸಿಗೆ ರಜೆಯಲ್ಲಿ ಉರ್ದು ಕವಿ ಅಲ್ತಾಫ್ ಹುಸೇನ್ ಹಾಲಿ ಬರೆದ ಸರ್ ಸೈಯದ್ ಜೀವನ ಚರಿತ್ರೆಯ ಭಾಗಗಳನ್ನು ಓದುತ್ತಿದ್ದೆ. ಆಗ ಒಂದು ಹೊಳೆಯಿತು. ನಾವು ಈ ಮನುಷ್ಯನನ್ನು ಸುಧಾರಕ, ಸುಧಾರಕ ಅಂತ ಕೂಗುತ್ತೇವೆ. ಆದರೆ ಅವರ ಅರ್ಧ ಆಯಸ್ಸು ಹೋದದ್ದು ಚಂದಾ ಎತ್ತುವುದರಲ್ಲಿ. 1869ರಲ್ಲಿ ಮಕ್ಕಳ ಜೊತೆ ಲಂಡನ್ನಿಗೆ ಹೋಗಲು ಮನೆ ಅಡವಿಟ್ಟರು, ಸಾಲ ಮಾಡಿದರು. ಅಲ್ಲಿ ಕೂತು ಬರೆದ ಪುಸ್ತಕ ಅಚ್ಚು ಹಾಕಿಸಲು ದುಡ್ಡು ಸಾಲಲಿಲ್ಲ. ಮನೆಯ ತಾಮ್ರದ ಪಾತ್ರೆಗಳನ್ನಾದರೂ ಮಾರಿ ಹಣ ಕಳಿಸಿ ಅಂತ ಊರಿಗೆ ಕಾಗದ ಬರೆದರು. ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ ಥಟ್ಟನೆ ಹೇಳಿದ: "ನಮ್ಮವ್ವನೂ ಹಂಡೆ ಮಾರ್‍ಯಾಳ್ರೀ, ಅಕ್ಕನ ನರ್ಸಿಂಗ್ ಫೀಜಿಗೆ." ಅಲ್ಲಿಂದ ನನಗೆ ದಾರಿ ಸಿಕ್ಕಿತು. ಪಾಠವನ್ನು ಜಮಾ-ಖರ್ಚಿನಲ್ಲೇ ಮಾಡಬೇಕು.

ಬಜಾರಿನಿಂದ ಕೆಂಪು ಬಟ್ಟೆಯ ಕಿರ್ದಿ ಪುಸ್ತಕ ಐದು ತಂದೆ. ಒಂದಕ್ಕೆ ನೂರಾ ನಲವತ್ತೋ ಐವತ್ತೋ ಇರಬೇಕು. ತರಗತಿಯನ್ನು ಐದು ಗುಂಪು ಮಾಡಿ, ಗುಂಪಿಗೊಬ್ಬ ಲೆಕ್ಕ ಬರೆಯುವ ಮುನ್ಷಿ. ಹಣಕ್ಕೆ ಮೊದಲು ಆಟದ ನೋಟು ಕೊಟ್ಟು ಕೆಟ್ಟೆ. ಅರ್ಧ ನೋಟು ವಿರಾಮದಲ್ಲಿ ಇಸ್ಪೀಟಿಗೆ ಹೋದವು. ಆಮೇಲೆ ಹುಣಸೆ ಬೀಜ. ಒಂದು ಬೀಜಕ್ಕೆ ಸಾವಿರ ರೂಪಾಯಿ ಲೆಕ್ಕ. ಎಲ್ಲ ಗುಂಪಿನ ಬೀಜ ಸೇರುವುದು ಒಂದೇ ಡಬ್ಬಿಗೆ, ಅದು ಕಾಲೇಜಿನ ಖಜಾನೆ. ಡಬ್ಬಿ ಹೆಡ್ ಕ್ಲರ್ಕ್ ಆದ ಒಬ್ಬ ಹುಡುಗನ ಹತ್ತಿರ. ಎಣಿಕೆ ಶನಿವಾರ ಮಾತ್ರ.

ಸ್ಟಾಫ್ ರೂಮಿನಲ್ಲಿ ನಕ್ಕಿದ್ದೇ ನಕ್ಕಿದ್ದು. "ಏನ್ರೀ ಸರ, ಹುಣಸಿ ಬೀಜದಾಗ ಇತಿಹಾಸ ಕಲಸ್ತೀರೇನ್? ಪೋರ್ಷನ್ ಯಾವಾಗ ಮುಗಸ್ತೀರಿ?" ಗಣಿತದ ಮೇಷ್ಟ್ರು ಮಾತ್ರ ನಗಲಿಲ್ಲ. ಬೀಜ ಹುರಿದಿಡಿ, ಇಲ್ಲದಿದ್ದರೆ ಹುಳ ಬೀಳುತ್ತದೆ ಅಂದರು. ನಾನು ಕೇಳಲಿಲ್ಲ, ಹುಳ ಬಿತ್ತು. ಎರಡನೇ ಕಂತಿನ ಬೀಜಗಳು ಅವರ ಮನೆಯಿಂದಲೇ ಹುರಿದು ಬಂದವು.

ದಿನಕ್ಕೊಂದು ಚೀಟಿ ತೆಗೆಯಬೇಕು. ಚೀಟಿಯಲ್ಲಿರುವುದೆಲ್ಲ ನಡೆದದ್ದೇ. ವೈಸರಾಯ್ ನಾರ್ತ್‌ಬ್ರೂಕ್ ಸ್ವಂತ ಕೈಯಿಂದ 10 ಸಾವಿರ ಕೊಟ್ಟರು: ಹತ್ತು ಬೀಜ ಜಮಾ. ಪಟಿಯಾಲದ ಮಹಾರಾಜರ ದೇಣಿಗೆ: ಜಮಾ. ಮೌಲ್ವಿಗಳ ಫತ್ವಾ ಬಂತು, ಈ ಮನುಷ್ಯ ಕಾಫಿರ್, ಇವನ ಕಾಲೇಜಿಗೆ ದುಡ್ಡು ಕೊಡಬೇಡಿ: ಆ ವಾರ ಜಮಾ ಇಲ್ಲ. 1875ರ ಮೇ 24ಕ್ಕೆ ಶಾಲೆ ಶುರು, ಆದರೆ ಸರ್ ಸೈಯದ್ ಆದ ನೀವು ಬನಾರಸಿನಲ್ಲಿ ನೌಕರಿಯಲ್ಲಿದ್ದೀರಿ, ಅಲಿಗಢದಲ್ಲಿ ಯಾರು ನೋಡಿಕೊಳ್ಳಬೇಕು? ಇಲ್ಲಿ ಗುಂಪಿನೊಳಗೇ ಜಗಳ. ಆಮೇಲೆ ನಾನು ಸಮೀಉಲ್ಲಾ ಖಾನ್ ಹೆಸರು ಹೇಳುತ್ತೇನೆ. ಸರ್ ಸೈಯದ್ 1876ರಲ್ಲಿ ನಿವೃತ್ತರಾಗಿ ಅಲಿಗಢಕ್ಕೆ ಬರುವವರೆಗೆ ಅಲ್ಲಿ ನಿಂತು ನಡೆಸಿದವರು ಅವರು. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಬಂದು ಕಾಲೇಜಿಗೆ ಅಡಿಗಲ್ಲು ಹಾಕಿದ್ದು ನಮ್ಮಲ್ಲಿ ಒಂದು ಬುಧವಾರ ಆಯಿತು. ಅಡಿಗಲ್ಲಿನ ಊಟದ ಖರ್ಚು ಅಂತ ಒಂದು ಗುಂಪು ತಾನೇ ಮೂರು ಬೀಜ ಬರೆದುಕೊಂಡಿತ್ತು! ಮುನ್ಷಿಗಳಿಗೆ ಬುದ್ಧಿ ಬಂದಿತ್ತು ಅಂತ ಖುಷಿಯಾಯಿತು.

ಹೈದರಾಬಾದಿನ ಚೀಟಿ ಬಂದ ದಿನ ತರಗತಿ ಸ್ವಲ್ಪ ಎದ್ದು ಕೂತಿತು. ನಿಜಾಮ್ ಸರ್ಕಾರ ಅಲಿಗಢಕ್ಕೆ ಅನುದಾನ ಕೊಡುತ್ತಿತ್ತು. ನಮ್ಮ ಕಲಬುರಗಿ ಆಗ ನಿಜಾಮರ ರಾಜ್ಯದಲ್ಲೇ ಇತ್ತಲ್ವಾ, ನಮ್ಮ ಹೊಲಗಳ ಕಂದಾಯವೂ ಹೋಗುತ್ತಿದ್ದದ್ದು ಅದೇ ಖಜಾನೆಗೆ. "ಅಂದ್ರ ನಮ್ ಮುತ್ಯಾನ ರೊಕ್ಕಾನೂ ಆ ಕಾಲೇಜ್ನ್ಯಾಗ ಅದ ಏನ್ರೀ?" ಅಂತ ಹಿಂದಿನ ಬೆಂಚಿನಿಂದ ಬಂತು. ಹೌದೂ ಅನ್ನಲಾರೆ, ಇಲ್ಲಾ ಅನ್ನಲಾರೆ. ಸುಮ್ನೆ ನಕ್ಕೆ.

ಲಾಟರಿ ಚೀಟಿಯನ್ನು ಇಡೀ ಒಂದು ಪೀರಿಯಡ್‌ಗೆ ಇಟ್ಟುಕೊಳ್ಳಿ. ಸರ್ ಸೈಯದ್ ಕಾಲೇಜಿಗಾಗಿ 30 ಸಾವಿರದ ಲಾಟರಿ ನಡೆಸಿದರು. ಧರ್ಮಕ್ಕೆ ವಿರುದ್ಧ ಅಂತ ಸಮಾಜ ಸಿಟ್ಟಾಯಿತು. ಬಹುಮಾನ ಕೊಟ್ಟು ಸುಮಾರು 20 ಸಾವಿರ ಉಳಿಯಿತು. ನೀವಾದರೆ ಮಾಡುತ್ತಿದ್ದಿರಾ? ನಮ್ಮಲ್ಲಿ ಮೂರು ಗುಂಪು ಬೇಡ ಅಂದವು, ಎರಡು ಬೇಕು ಅಂದವು. ಬೇಡ ಅಂದ ಗುಂಪಿನ ಮುನ್ಷಿ ಸಂಜೆ ಬಂದು, ಯಾರಿಗೂ ಹೇಳಬೇಡಿ, ನಮ್ಮದೂ ಒಂದು ಟಿಕೆಟ್ ಬರೆದುಕೊಳ್ಳಿ ಅಂದ. ಅಲಿಗಢದ ನುಮಾಯಿಶಿನಲ್ಲಿ, ಅಂದರೆ ವಸ್ತುಪ್ರದರ್ಶನದ ಜಾತ್ರೆಯಲ್ಲಿ, ಆ ಮುದುಕ ರಂಗದ ಮೇಲೆ ನಿಂತು ಹಣ ಎತ್ತಿದ್ದನ್ನೂ ಇಲ್ಲೇ ಸೇರಿಸುತ್ತೇನೆ. ಗೆಜ್ಜೆ ಕಟ್ಟಿ ಕುಣಿದರು ಅಂತ ಒಂದು ಕಥೆ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದನ್ನು ನಾನು ಬಿಟ್ಟೆ. ನೀವೂ ಬಿಡಿ.

ಈಗ ಕಳ್ಳತನಕ್ಕೆ ಬರುತ್ತೇನೆ. 1895ರಲ್ಲಿ ಕಾಲೇಜಿನ ಹೆಡ್ ಕ್ಲರ್ಕ್ ಸುಳ್ಳು ಸಹಿ ಮಾಡಿ ಒಂದು ಲಕ್ಷಕ್ಕೂ ಜಾಸ್ತಿ ಹಣ ತಿಂದದ್ದು ಬಯಲಾಯಿತು. ಸರ್ ಸೈಯದ್‌ಗೆ ಆಗ 78ರ ಆಸುಪಾಸು. ಮೂರು ವರ್ಷಕ್ಕೆ ಹೋಗಿಬಿಟ್ಟರು. ಇದನ್ನು ನಾನು ಚೀಟಿಯಲ್ಲಿ ಬರೆಯಲೇ ಇಲ್ಲ. ನಮ್ಮ ಹೆಡ್ ಕ್ಲರ್ಕ್‌ನನ್ನೇ ಒಳಗೆ ಹಾಕಿಕೊಂಡೆ. ಎರಡು ವಾರ ಅವನು ದಿನಾ ಒಂದಿಷ್ಟು ಬೀಜ ತೆಗೆದು ನನ್ನ ಡ್ರಾಯರಿಗೆ ಹಾಕಿದ. ಕಿರ್ದಿ ಮಾತ್ರ ನೀಟಾಗಿತ್ತು. ಡಬ್ಬಿ ಹಗುರಾಗದ ಹಾಗೆ ಕೆಳಗೆ ಏನು ತುಂಬಿದ್ದ, ಶನಿವಾರದ ಎಣಿಕೆಯನ್ನು ಎರಡು ಸಲ ಹೇಗೆ ತಪ್ಪಿಸಿದ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ.

ಮೂರನೇ ಶನಿವಾರ ಡಬ್ಬಿ ಸುರಿದರು. ಟೇಬಲ್ಲಿನ ಮೇಲೆ ಹತ್ತು ಹತ್ತರ ಗುಂಪು ಇಡುತ್ತಾ ಹೋದರು. ಕಿರ್ದಿಯಲ್ಲಿ ಇನ್ನೂರ ಇಪ್ಪತ್ತು ಚಿಲ್ಲರೆ, ಟೇಬಲ್ಲಿನ ಮೇಲೆ ನೂರಾ ಹತ್ತೋ ಹನ್ನೆರಡೋ. ಮತ್ತೆ ಎಣಿಸಿದರು. ಒಬ್ಬಳು ಡಬ್ಬಿಯ ಒಳಗೆ ಕೈ ಹಾಕಿ ತಡಕಿದಳು. ಲಾಟರಿ ಬೇಡ ಅಂದಿದ್ದ ಹುಡುಗಿ ಅಳು ಬಾಯಿ ಮಾಡಿ, "ಮನಿ ಮನಿ ತಿರುಗಿ ಬೇಡಿದ್ದು ಅದು" ಅಂದಳು. ಯಾವ ಮನೆಗೂ ಯಾರೂ ಹೋಗಿರಲಿಲ್ಲ, ಎಲ್ಲ ಚೀಟಿಯಲ್ಲೇ ಆಗಿತ್ತು. ಆ ಮಾತು ಕೇಳಿದಾಗ ಈ ಪಾಠ ಇನ್ನು ಇವರಿಗೆ ಮರೆಯುವುದಿಲ್ಲ ಅಂತ ನನಗೆ ಖಾತ್ರಿ ಆಯಿತು. ಹೆಡ್ ಕ್ಲರ್ಕ್ ಹುಡುಗನನ್ನು ಬಾಕಿಯವರ ಕೈಯಿಂದ ಉಳಿಸಲು ಮಾತ್ರ ಸ್ವಲ್ಪ ಕಷ್ಟವಾಯಿತು.

ನಡುವೆ ಒಂದು ಅಡ್ಡದಾರಿ. ಸರ್ ಸೈಯದ್ ಯೌವನದಲ್ಲಿ ದಿಲ್ಲಿಯ ಕಟ್ಟಡಗಳ ಬಗ್ಗೆ ಬರೆಯುವಾಗ, ಕುತುಬ್ ಮಿನಾರಿನ ಮೇಲಿನ ಬರಹ ಓದಲು ಬುಟ್ಟಿಯಲ್ಲಿ ಕೂತು ನೇತಾಡುತ್ತಿದ್ದರು. ಅದು ಕೇಳಿದ ಮೇಲೆ ಹುಡುಗರು ಬಿಡಲಿಲ್ಲ. ಬುಟ್ಟಿ ಬೇಡ ಮಾರಾಯ ಅಂತ ಹನುಮಂತ ದೇವರ ಗುಡಿಯ ಹಳೇ ಕಲ್ಲಿನ ಮೇಲೆ ಕಾಗದ ಇಟ್ಟು ಇದ್ದಿಲು ತಿಕ್ಕಿಸಿದೆ. ನಾಲ್ಕು ಅಕ್ಷರ ಮೂಡುವಷ್ಟರಲ್ಲಿ ಮಳೆ ಬಂತು. ಹದಿನೈದು ಯೂನಿಫಾರಂ ಕಪ್ಪಾದವು. ತಾಯಂದಿರಿಂದ ಬೈಸಿಕೊಂಡೆ.

ಆಟ ಮುಗಿದ ಮೇಲೆ ನಿಜವಾದ ದುಡ್ಡಿಗೆ ಕೈ ಹಾಕಿದ್ದು ಮಕ್ಕಳೇ. ನಮ್ಮ ಗ್ರಂಥಾಲಯ ಅಂದರೆ ಬೀಗದ ಒಂದು ಬೀರು. ಕಪಾಟಿಗೆ, ಪುಸ್ತಕಕ್ಕೆ ಚಂದಾ ಎತ್ತುತ್ತೇವೆ ಅಂದರು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಪಡೆದು ಬಜಾರಿಗೆ ಹೋದೆವು. "ಶಾಲೆಗೆ ಸಹಾಯ ಮಾಡ್ರಿ" ಅಂತ ಎರಡು ಸಂಜೆ ತಿರುಗಿ ಸಿಕ್ಕಿದ್ದು 340 ರೂಪಾಯಿ. ಆಗ ಒಬ್ಬನಿಗೆ ಅಲಿಗಢದ ಗೋಡೆ ನೆನಪಾಯಿತು. ಅಲ್ಲಿ ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ನಾವು ಕಾಂಪೌಂಡಿನ ಮೇಲೆ ಇಟ್ಟಿಗೆ ಬಣ್ಣದ ಚೌಕ ಬರೆಸಿ, ಚೌಕಕ್ಕೆ 100 ರೂಪಾಯಿ ಅಂದೆವು. ಮೊದಲ ಚೌಕ ಊರಿನ ಜಿಪುಣ ಸಾಹುಕಾರರದ್ದೇ ಆಗಬೇಕು. ಅದು ಆಯಿತು. ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ಆಮೇಲೆ ಪಂಕ್ಚರ್ ಅಂಗಡಿ ಚಾಚಾ, ಹಾಲಿನ ಡೇರಿಯವರು, ಇಬ್ಬರು ಬೀಗರು ಒಬ್ಬರ ಮೇಲೊಬ್ಬರು ಹಟ ಕಟ್ಟಿಕೊಂಡು ಎರಡೆರಡು ಚೌಕ. ಹತ್ತಿರ ಹತ್ತಿರ 11 ಸಾವಿರ ಬಂತು. ಪೇಂಟರ್‌ಗೆ ಎರಡು ಸಾವಿರ ಕೊಟ್ಟೆವು. ಅವನು "ಶರಣಪ್ಪ"ನನ್ನು "ಶರಪ್ಪ" ಮಾಡಿದ್ದ, ಅದನ್ನು ಸರಿ ಮಾಡಲು ಮತ್ತೆ ನೂರು. ಕಪಾಟು ಐದೂವರೆ ಸಾವಿರ, ಉಳಿದದ್ದಕ್ಕೆ ಪುಸ್ತಕ.

ಪರೀಕ್ಷೆಯ ಮಾತು ಕೇಳುತ್ತೀರಿ. ಆ ವರ್ಷ ಪೂರ್ವಸಿದ್ಧತೆಯಲ್ಲಿ ಅದೇ ತರಹದ ಪ್ರಶ್ನೆಗೆ 40ರ ಹತ್ತಿರ ಮಕ್ಕಳು ಬರೆದರು. ಆ ಕಾಲೇಜಿನ ಮೊದಲ ಪದವೀಧರ ಈಶ್ವರಿ ಪ್ರಸಾದ್ ಅನ್ನುವ ಹಿಂದೂ ಹುಡುಗ ಅಂತ ಹೆಚ್ಚಿನವರು ಬರೆದಿದ್ದರು, ನಾನು ಕೇಳದಿದ್ದರೂ. ಒಬ್ಬಳು ಉತ್ತರದ ಕೊನೆಗೆ "ಹುಡುಗಿಯರಿಗೆ ಯಾಕೆ ಕಟ್ಟಲಿಲ್ಲ?" ಅಂತ ನನಗೇ ಪ್ರಶ್ನೆ ಹಾಕಿದ್ದಳು. ಮರುದಿನ ತರಗತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲು ಗಂಡುಮಕ್ಕಳು ಓದಲಿ ಅನ್ನುವುದು ಅವರ ಹಟ. ಅಲಿಗಢದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1906ರಲ್ಲಿ, ಶೇಖ್ ಅಬ್ದುಲ್ಲಾ ಮತ್ತು ಅವರ ಹೆಂಡತಿ ವಹೀದ್ ಜಹಾನ್. ಕಾಂಗ್ರೆಸ್ಸಿಗೆ ಸರ್ ಸೈಯದ್ ಯಾಕೆ ವಿರೋಧ ಇದ್ದರು ಅಂತಲೂ ಕೇಳಿದರು. ಅದಕ್ಕೆ ಒಂದು ಪೀರಿಯಡ್ ಸಾಲಲಿಲ್ಲ, ಪೋರ್ಷನ್ ಕಥೆ ನಿಮಗೇ ಗೊತ್ತು.

ನಕ್ಕಿದ್ದವರಲ್ಲಿ ಇಬ್ಬರು ಈಗ ಬೀಜ ಕೇಳಲು ಬಂದಿದ್ದಾರೆ. ಹುರಿದದ್ದೇ ಕೊಟ್ಟಿದ್ದೇನೆ. ಕಾಂಪೌಂಡಿನ ಚಂದಾ ಬರೆದ ನಿಜವಾದ ಕಿರ್ದಿ ಸ್ಟಾಫ್ ರೂಮಿನಲ್ಲಿದೆ. ಅದರಲ್ಲಿ 70 ರೂಪಾಯಿ ಇವತ್ತಿಗೂ ತಾಳೆಯಾಗುತ್ತಿಲ್ಲ. ಪಾಸಾಗಿ ಹೋದ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಮೊದಲು ಕೇಳುವುದೇ ಅದು: "ಸರ್, ಡ್ರಾಯರ್ ನೋಡ್ಕೊಂಡ್ರೇನ್ರೀ?"