ಯಶಸ್ವಿನಿಗೆ ಮನೆಗಳನ್ನು ಸೇರಿಸುವ ಬಗೆ: ಸಹಕಾರ ಸಂಘದ ಕಾರ್ಯದರ್ಶಿಗಳಿಗೆ

ಗ್ರಾಮೀಣ ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಯಾದ ಕರ್ನಾಟಕದ ಆರೋಗ್ಯ ರಕ್ಷಣಾ ಯೋಜನೆ ಯಶಸ್ವಿನಿಯಲ್ಲಿ ಆರಂಭದ ವಾರ್ಷಿಕ ವಂತಿಗೆ ತಲಾ 60 ರೂಪಾಯಿ ಇತ್ತು. 2018ರಲ್ಲಿ ನಿಂತುಹೋದ ಯೋಜನೆ 2022ರಲ್ಲಿ ಮರುಜಾರಿಯಾದಾಗ, ನಾಲ್ವರವರೆಗಿನ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ, ನಂತರದ ಪ್ರತಿ ಸದಸ್ಯರಿಗೆ 100 ರೂಪಾಯಿ ನಿಗದಿಯಾಯಿತು; ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸಿತು. ಚಿಕಿತ್ಸೆಯ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ.

ಇಷ್ಟಾದರೂ ಮನೆಗಳು ಹೊರಗುಳಿಯುವುದಕ್ಕೆ ಅಜ್ಞಾನವನ್ನು ದೂರುವುದು ಸರಿಯಲ್ಲ. ಕೈಯಲ್ಲಿ ಕಾಸಿಲ್ಲದ ವಾರದಲ್ಲಿ ಕೇಳಿದರೆ 500 ರೂಪಾಯಿಯೂ ಭಾರವೇ. ಆದ್ದರಿಂದ ನೋಂದಣಿಯ ದಿನಗಳನ್ನು ಹಾಲಿನ ಹಣದ ಬಟವಾಡೆಗೆ ಹೊಂದಿಸಿ. ಡೇರಿಯಲ್ಲಿ ಕ್ಯಾನು ಇಳಿಸಿ ಪಾಸ್‌ಬುಕ್ಕು ಚಾಚುವ ಹೆಣ್ಣುಮಗಳು ಆ ಬೆಳಿಗ್ಗೆ ಕೊಡಬಲ್ಲ ಹಣವನ್ನು ವಾರ ಕಳೆದ ಮೇಲೆ ಅವಳಿಂದ ನಿರೀಕ್ಷಿಸಲಾಗದು. ಅಷ್ಟರಲ್ಲಿ ಅದು ಹಿಂಡಿ, ಬೂಸಾಕ್ಕೆ ಹೋಗಿರುತ್ತದೆ.

ಎರಡನೆಯದು, ಹಾಗೂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ನಂಬಿಕೆ. ಕರಪತ್ರ ಹಂಚುವ ಬದಲು, ಯೋಜನೆಯಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಊರಿನವರೊಬ್ಬರು ಒಪ್ಪಿದರೆ ಅವರನ್ನೇ ಸಭೆಗೆ ಕರೆತನ್ನಿ, ಯಾವ ಆಸ್ಪತ್ರೆಗೆ ಹೋದರು, ಕೈಯಿಂದ ಎಷ್ಟು ಖರ್ಚಾಯಿತು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಹತ್ತಿರದ ನೆಟ್‌ವರ್ಕ್ ಆಸ್ಪತ್ರೆಯ (ಯೋಜನೆಗೆ ಸೇರಿದ ಆಸ್ಪತ್ರೆ) ಹೆಸರು, ಅಲ್ಲಿಗೆ ಹೋಗುವ ಬಸ್ಸು ನಿಮಗೆ ತಿಳಿದಿರಲಿ. ಜ್ವರ, ಕೆಮ್ಮಿನ ಹೊರರೋಗಿ ಚಿಕಿತ್ಸೆಗೆ ಇದು ಅನ್ವಯಿಸದು ಎಂಬುದನ್ನು ಮೊದಲೇ ಹೇಳಿಬಿಡಿ. ಮುಚ್ಚಿಟ್ಟರೆ ಮುಂದಿನ ವರ್ಷ ಆ ಮನೆ ನವೀಕರಣ ಮಾಡಿಸುವುದಿಲ್ಲ, ಪಕ್ಕದ ಮನೆಯೂ ಹಿಂಜರಿಯುತ್ತದೆ.

“ನಮಗೆ ಬಿಪಿಎಲ್ ಕಾರ್ಡಿದೆ, ಇದೇಕೆ?” ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲೂ 5 ಲಕ್ಷದ ರಕ್ಷಣೆ ಇದೆ. ಎಪಿಎಲ್ ಕುಟುಂಬಕ್ಕಾದರೋ ಅಲ್ಲಿ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇ 30ರಷ್ಟು ಮಾತ್ರ ಸಿಗುತ್ತದೆ. ಹೀಗಾಗಿ ಎಪಿಎಲ್ ರೈತರ ಮನೆಗಳಿಗೆ ಮೊದಲು ಹೋಗಿ.

ಕೊನೆಗೆ, ಕಾಗದಪತ್ರ. ಪಡಿತರ ಚೀಟಿಯಲ್ಲಿ ಹೊಸ ಸೊಸೆಯ ಹೆಸರಿದೆಯೇ, ಆಧಾರ್‌ನ ಹೆಸರಿಗೆ ತಾಳೆಯಾಗುತ್ತದೆಯೇ ಎಂದು ನೋಂದಣಿ ಶುರುವಾಗುವ ಮುನ್ನವೇ ನೋಡಿ. ಹೆರಿಗೆಗೆ ಅವಳೇ ದಾಖಲಾಗಬೇಕಾಗಿ ಬರಬಹುದು.