ಹಾರಿಹೋದ ಸಾಕುಹಕ್ಕಿಯನ್ನು ಓಡಿಸಬೇಡಿ, ಕರೆಯಿರಿ

ಸಂಜೆ ಅಮ್ಮ ಒಣಗಿದ ಬಟ್ಟೆ ತರಲು ತಾರಸಿ ಬಾಗಿಲು ತೆಗೆದರು. ನಮ್ಮ ಕಾಕಟೀಲ್ (ತಲೆಯಲ್ಲಿ ಜುಟ್ಟಿರುವ ಪುಟ್ಟ ಗಿಳಿ) ಚಿನ್ನು ಅವರ ತಲೆ ಮೇಲಿಂದಲೇ ಹಾರಿ ಪಕ್ಕದ ಮನೆಯ ತೆಂಗಿನ ಗರಿ ಮೇಲೆ ಕೂತ. ತಮ್ಮ ದೋಟಿ ತರಲು ಓಡಿದ. ನಾನು ಬೇಡ ಎಂದೆ. ಹೆದರಿದ ಹಕ್ಕಿಯನ್ನು ಓಡಿಸಿದರೆ ಇನ್ನೊಂದು ಬೀದಿಗೆ ಹೋಗುತ್ತದೆ, ಅಲ್ಲಿ ಕಾಗೆಗಳು ಮುತ್ತಿಕೊಳ್ಳುತ್ತವೆ.

ಮೊದಲು ಒಬ್ಬರು ಅದರ ಮೇಲಿಟ್ಟ ಕಣ್ಣು ತೆಗೆಯದೆ ನಿಲ್ಲಬೇಕು. ಇನ್ನೊಬ್ಬರು ಅದರ ಪಂಜರ ತರಲಿ. ಪಂಜರವನ್ನು ಅಂಗಳದಲ್ಲಿ ಇಡಬೇಡಿ, ತಾರಸಿಯಲ್ಲಿಡಿ. ಮನೆಯೊಳಗೇ ಬೆಳೆದ ಹಕ್ಕಿಗೆ ಅಷ್ಟು ಎತ್ತರದಿಂದ ನೆಟ್ಟಗೆ ಕೆಳಗಿಳಿದು ಅಭ್ಯಾಸವಿರುವುದಿಲ್ಲ. ಮೊಂಡುತನ ಅಂದುಕೊಳ್ಳಬೇಡಿ, ಪಾಪ, ಅದಕ್ಕೆ ಇಳಿಯಲು ಬರುವುದಿಲ್ಲ. ಜೋಡಿ ಹಕ್ಕಿ ಇದ್ದರೆ ಅದನ್ನು ಬೇರೆ ಪಂಜರದಲ್ಲಿ, ಬಾಗಿಲು ಭದ್ರ ಮಾಡಿ, ಪಕ್ಕದಲ್ಲಿಡಿ. ಅದರ ಕೂಗಿನಷ್ಟು ನಮ್ಮ ಕೂಗಿಗೆ ಬೆಲೆಯಿಲ್ಲ.

ಕತ್ತಲಾದರೂ ಚಿನ್ನು ಇಳಿಯಲಿಲ್ಲ. ರಾತ್ರಿ ಯಾರೂ ಮರ ಹತ್ತಬೇಡಿ, ಗಾಬರಿಯಿಂದ ಹಾರಿದರೆ ಕತ್ತಲಲ್ಲಿ ಅದಕ್ಕೂ ದಾರಿ ಕಾಣದು. ಕೂತ ಜಾಗ ನೆನಪಿಟ್ಟುಕೊಂಡು ಬೆಳಕು ಹರಿಯುವ ಮೊದಲೇ ಅಲ್ಲಿರಿ. ಕಣ್ಣಿಗೆ ಬೀಳದಿದ್ದರೆ ಹಾಲಿನವರಿಗೆ, ಪೇಪರ್ ಹುಡುಗರಿಗೆ ಹೇಳಿ. ಎಲ್ಲರಿಗಿಂತ ಮೊದಲು ಬೀದಿಯಲ್ಲಿ ಓಡಾಡುವವರು ಅವರೇ ಅಲ್ವಾ?

ಬೆಳಿಗ್ಗೆ ಹಸಿದಿರುತ್ತದೆ. ನಾನು ತೆರೆದ ಪಂಜರದೊಳಗೆ ನವಣೆ ತೆನೆ ಕಟ್ಟಿ, ಬಾಗಿಲಿಗೆ ಉದ್ದ ದಾರ ಬಿಗಿದು, ದೂರ ಕೂತು ದಿನಾ ಹಾಕುವ ಸಿಳ್ಳೆ ಹಾಕಿದೆ. ಚಿನ್ನು ಮೊದಲು ನೀರಿನ ಟ್ಯಾಂಕ್ ಮೇಲೆ, ಆಮೇಲೆ ಪಂಜರದ ಮೇಲೆ ಬಂದ. ತಲೆಯ ಜುಟ್ಟು ನೆಟ್ಟಗೆ ನಿಂತಿತ್ತು, ಎಂದರೆ ಭಯ ಹೋಗಿಲ್ಲ. ಆಗ ಕೈ ಹಾಕಲೇಬಾರದು. ಒಳಗಿಳಿದು ನಾಲ್ಕು ಕಾಳು ಬಿಡಿಸಿ ತಿಂದ ಮೇಲೆ ಜುಟ್ಟು ಮೆಲ್ಲಗೆ ಹಿಂದಕ್ಕೆ ಬಾಗಿತು. ದಾರ ಎಳೆದೆ.

ಪಂಜರಕ್ಕೆ ಬಾರದೆ ನೆಲದಲ್ಲೇ ಸಿಕ್ಕರೆ ತೆಳು ಟವೆಲ್ ಮುಚ್ಚಿ ಹಿಡಿಯಿರಿ. ಎದೆ ಮಾತ್ರ ಒತ್ತಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ-ಹೊಟ್ಟೆಯ ನಡುವೆ ಉಸಿರಾಟ ನಡೆಸುವ ಸ್ನಾಯುವಿನ ಪರದೆ, ಇಲ್ಲ, ಎದೆಗೂಡು ಆಡಿದರಷ್ಟೇ ಉಸಿರು. ಮನೆಗೆ ಬಂದ ಮೇಲೆ ನೀರು ಕೊಟ್ಟು ಗದ್ದಲವಿಲ್ಲದ ಕಡೆ ಬಿಡಿ. ಬೆಕ್ಕಿನ ಹಲ್ಲೋ ಉಗುರೋ ತಾಗಿದ್ದರೆ, ಗಾಯ ಸಾಸಿವೆಯಷ್ಟಿದ್ದರೂ ಅವತ್ತೇ ಪಶುವೈದ್ಯರಿಗೆ ತೋರಿಸಿ. ಅದರ ಬಾಯಿಯ ನಂಜು ಹಕ್ಕಿಯನ್ನು ಬೇಗ ಕೊಲ್ಲುತ್ತದೆ.

ಚಿನ್ನು ಅವತ್ತು ಮಧ್ಯಾಹ್ನದವರೆಗೂ ಒಂದೇ ಕಾಲಲ್ಲಿ ನಿಂತು ನಿದ್ದೆ ಮಾಡಿದ. ನಾವು ಮಿಕ್ಸಿ ಕೂಡ ಹಾಕಲಿಲ್ಲ.