ಸ್ಕಾಲರ್‌ಶಿಪ್ ಒಮ್ಮೆ ಬಂತು, ಮುಂದಿನ ವರ್ಷಕ್ಕೂ ಬರಬೇಕಲ್ವಾ?

ರಿನ್ಯೂವಲ್ ಸಮಯ ಬಂದರೆ ನಮ್ಮ ಕಾಲೇಜಿನ ಆಫೀಸ್ ಕಿಟಕಿ ಮುಂದೆ ಪ್ರತಿ ವರ್ಷವೂ ಒಂದೇ ಮಾತು. "ಸಾರ್, ಹೋದ ವರ್ಷ ಬಂದಿತ್ತು. ಈ ಸಲ ಯಾಕೆ ಬಂದಿಲ್ಲ?" ಕೇಳುವವರು ದಡ್ಡರಲ್ಲ, ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದು ಬಂದ ಮಕ್ಕಳು. ಆ ಅಂಕದಿಂದಲೇ ಮೊದಲ ವರ್ಷದ ಹಣ ಬಂದಿರುತ್ತದೆ. ಎರಡನೇ ವರ್ಷದ ಹಣ ಮಾತ್ರ ಪಿಯುಸಿ ಅಂಕ ನೋಡಿ ಬರುವುದಿಲ್ಲ. ಡಿಗ್ರಿಯ ಹಾಜರಾತಿ ಪುಸ್ತಕ ಮತ್ತು ಅಂಕಪಟ್ಟಿ ನೋಡಿ ಬರುತ್ತದೆ. ಪೋರ್ಟಲ್ ತೆರೆದ ಮೇಲೆ ಓಡಾಡಿದರೆ ಈ ಎರಡನ್ನೂ ತಿದ್ದಲು ಆಗುವುದಿಲ್ಲ.

ಅದಕ್ಕೇ ಈ ಲೇಖನವನ್ನು ಫಾರಂ ತುಂಬುವ ದಿನದಿಂದ ಶುರು ಮಾಡುತ್ತಿಲ್ಲ. ಸೆಮಿಸ್ಟರ್‌ನ ನಡುವಿನಿಂದ ಶುರು ಮಾಡುತ್ತಿದ್ದೇನೆ.

ಮೊದಲು: ನಿಮಗೆ ಬರುತ್ತಿರುವುದು ಯಾವ ಸ್ಕಾಲರ್‌ಶಿಪ್?

ನಗಬೇಡಿ. "ಗೌರ್ನಮೆಂಟ್‌ದು ಸಾರ್" ಎಂದು ಹೇಳುವವರೇ ಜಾಸ್ತಿ. ಕೇಂದ್ರದ್ದೋ ರಾಜ್ಯದ್ದೋ ಗೊತ್ತಿರುವುದಿಲ್ಲ. ಅರ್ಜಿ ಹಾಕಿದ್ದು ಸೈಬರ್ ಸೆಂಟರ್‌ನವರು, ಹಣ ಬಂದಿದ್ದು ಅಪ್ಪನ ಮೊಬೈಲ್‌ಗೆ ಬಂದ ಮೆಸೇಜ್‌ನಿಂದ ತಿಳಿದಿದ್ದು.

ಇಲ್ಲಿ ಉದಾಹರಣೆಗೆ ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಹಿಡಿದುಕೊಳ್ಳೋಣ. ಈಗ ಇದು ಪಿಎಂ-ಯುಎಸ್‌ಪಿ ಎಂಬ ಹೆಸರಿನಡಿ ನಡೆಯುತ್ತಿದೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡ್‌ನ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು, ಮನೆಯ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದವರಿಗೆ ಇದು. (80 ಪರ್ಸೆಂಟೈಲ್ ಅಂದರೆ 80 ಪರ್ಸೆಂಟ್ ಅಲ್ಲ. ನೂರು ಜನರಲ್ಲಿ ಎಂಬತ್ತು ಜನರಿಗಿಂತ ಮುಂದೆ ಇದ್ದೀರಿ ಅಂತ ಅರ್ಥ.) ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಹೆಚ್ಚೆಂದರೆ 82,000 ಹೊಸಬರಿಗೆ ಸಿಗುತ್ತದೆ. ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಪಿಜಿಗೆ ಹೋದರೆ 20,000. ನಾಲ್ಕು ವರ್ಷದ ಎಂಜಿನಿಯರಿಂಗ್ ಓದುವವರಿಗೆ ಕೊನೆಯ ವರ್ಷ 20,000. ಲೆಕ್ಕ ಹಾಕಿ: ಬಿ.ಕಾಂ.ನವರಿಗೆ ಮೂರು ವರ್ಷಕ್ಕೆ 36,000, ಬಿ.ಇ.ಯವರಿಗೆ ನಾಲ್ಕು ವರ್ಷಕ್ಕೆ 56,000.

ಉಳಿಸಿಕೊಳ್ಳುವ ಷರತ್ತು ಮೂರೇ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಕನಿಷ್ಠ ಶೇ 50 ಅಂಕ. ಕನಿಷ್ಠ ಶೇ 75 ಹಾಜರಾತಿ. ರ‍್ಯಾಗಿಂಗ್ ಸೇರಿದಂತೆ ಶಿಸ್ತಿನ ವಿಷಯದಲ್ಲಿ ದೂರು ಇರಬಾರದು. ಮೂರನೆಯದರ ಬಗ್ಗೆ ಬರೆಯುವುದು ಏನೂ ಇಲ್ಲ, ಜೂನಿಯರ್‌ಗಳನ್ನು ಅವರ ಪಾಡಿಗೆ ಬಿಡಿ. ಜೊತೆಗೆ ಒಂದು ನೆನಪಿರಲಿ: ಇದನ್ನು ತಗೊಳ್ಳುವವರು ಬೇರೆ ಸ್ಕಾಲರ್‌ಶಿಪ್ಪನ್ನಾಗಲಿ, ರಾಜ್ಯದ ಶುಲ್ಕ ವಿನಾಯಿತಿಯನ್ನಾಗಲಿ ಜೊತೆಯಲ್ಲಿ ತಗೊಳ್ಳುವ ಹಾಗಿಲ್ಲ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲೂ ಒಂದು ಅರ್ಜಿ ಇರಲಿ ಎಂದು ಹಾಕಿದವರು, ಎರಡರಲ್ಲಿ ಯಾವುದು ಜಾಸ್ತಿ ಸಿಗುತ್ತದೆ ಎಂದು ನೋಡಿ ಒಂದನ್ನು ಇಟ್ಟುಕೊಳ್ಳಿ. ಹಾಸ್ಟೆಲ್ ಖರ್ಚು, ಶುಲ್ಕ ಮರುಪಾವತಿ ಎಲ್ಲ ಸೇರಿಸಿದರೆ ಕೆಲವರಿಗೆ ರಾಜ್ಯದ್ದೇ ಲಾಭ.

ಹಾಜರಾತಿ: ನಾಲ್ಕರ ಲೆಕ್ಕ

ಮಕ್ಕಳು ಎಡವುವುದು ಅಂಕದಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಜಾಸ್ತಿ ಜನ ಎಡವುವುದು ಹಾಜರಾತಿಯಲ್ಲಿ.

ಇದಕ್ಕೆ ಕಾರಣ ಸೋಮಾರಿತನ ಒಂದೇ ಅಲ್ಲ. ಹಳ್ಳಿಯಿಂದ ಬರುವ ಮಕ್ಕಳಿಗೆ ಬೆಳಗಿನ ಬಸ್ಸು ಇಪ್ಪತ್ತು ನಿಮಿಷ ತಡವಾದರೆ ಮೊದಲ ಪೀರಿಯಡ್ ಹೋಯಿತು. ದಿನವೂ ಹೋಗುವುದು ಅದೇ ಪೀರಿಯಡ್. ಒಟ್ಟು ಹಾಜರಾತಿ ಶೇ 80 ಇದ್ದರೂ, ಆ ಒಂದು ವಿಷಯದಲ್ಲಿ 60ಕ್ಕೆ ಇಳಿದಿರುತ್ತದೆ. ನಿಮ್ಮ ಕಾಲೇಜು ವಿಷಯವಾರು ಹಾಜರಾತಿ ನೋಡುತ್ತದೋ ಒಟ್ಟಾರೆ ನೋಡುತ್ತದೋ ಎಂದು ಸೆಮಿಸ್ಟರ್ ಶುರುವಿನಲ್ಲೇ ಕೇಳಿಕೊಳ್ಳಿ. ಬಸ್ಸಿನ ತೊಂದರೆ ಇದ್ದರೆ ಆ ಮೇಷ್ಟರಿಗೆ ಆಗಲೇ ಹೇಳಿ. ಮಾರ್ಚ್‌ನಲ್ಲಿ ಹೇಳಿದರೆ ಅದು ನೆಪವಾಗಿ ಕೇಳುತ್ತದೆ, ಆಗಸ್ಟ್‌ನಲ್ಲಿ ಹೇಳಿದರೆ ಸಮಸ್ಯೆಯಾಗಿ ಕೇಳುತ್ತದೆ.

ಈಗ ಲೆಕ್ಕ. ಇವತ್ತಿನವರೆಗೆ ಒಂದು ವಿಷಯದಲ್ಲಿ 80 ಕ್ಲಾಸ್ ನಡೆದಿವೆ, ನೀವು ಹೋಗಿರುವುದು 52. ಅಂದರೆ ಶೇ 65. ಇರಬೇಕಾಗಿದ್ದು 60, ಕಡಿಮೆ ಬಿದ್ದಿದ್ದು 8. "ಎಂಟೇ ತಾನೇ, ಮುಂದಿನ ಎರಡು ವಾರದಲ್ಲಿ ಸರಿ ಮಾಡ್ತೀನಿ" ಅಂದುಕೊಂಡರೆ ಅಲ್ಲೇ ಕೆಟ್ಟಿರಿ. ನೀವು ಒಂದೊಂದು ಕ್ಲಾಸಿಗೆ ಹೋದಾಗಲೂ ನಡೆದ ಕ್ಲಾಸಿನ ಲೆಕ್ಕವೂ ಒಂದೊಂದು ಏರುತ್ತದೆ. ಆದ್ದರಿಂದ ಎಷ್ಟು ಕಡಿಮೆ ಇದೆಯೋ ಅದರ ನಾಲ್ಕು ಪಟ್ಟು ಕ್ಲಾಸಿಗೆ ಒಂದೂ ತಪ್ಪಿಸದೆ ಹೋಗಬೇಕು. ಎಂಟಕ್ಕೆ ಮೂವತ್ತೆರಡು. ಆಗ 112ರಲ್ಲಿ 84 ಆಗಿ ಸರಿಯಾಗಿ 75ಕ್ಕೆ ನಿಲ್ಲುತ್ತೀರಿ. ಸೆಮಿಸ್ಟರ್‌ನಲ್ಲಿ ಇನ್ನು 32 ಕ್ಲಾಸ್ ಉಳಿದಿದೆಯಾ? ಉಳಿದಿಲ್ಲ ಅಂದರೆ ಈಗ ಏನು ಮಾಡಿದರೂ ಆ ವಿಷಯದಲ್ಲಿ 75 ಮುಟ್ಟುವುದಿಲ್ಲ.

ಈ ಲೆಕ್ಕವನ್ನು ತಿಂಗಳಿಗೊಮ್ಮೆ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಹಾಕಿ. ನಮ್ಮ ವಿದ್ಯಾರ್ಥಿನಿಯೊಬ್ಬಳು ವಿಷಯಕ್ಕೊಂದು ಸಾಲು ಎಳೆದು, ತಪ್ಪಿಸಿದ ಕ್ಲಾಸಿಗೆ ಕೆಂಪು ಚುಕ್ಕೆ ಇಡುತ್ತಿದ್ದಳು. 60 ಕ್ಲಾಸಿನ ವಿಷಯಕ್ಕೆ ಹದಿನೈದು ಚುಕ್ಕೆ ಆದರೆ ಮುಗಿಯಿತು ಎಂದು ಅವಳೇ ಬರೆದಿಟ್ಟುಕೊಂಡಿದ್ದಳು. ನಮ್ಮ ರಿಜಿಸ್ಟರ್‌ನಲ್ಲೇ ಒಮ್ಮೆ ತಪ್ಪು ಹಿಡಿದಳು, ಅವಳ ಚುಕ್ಕೆಯೇ ಸರಿ ಇತ್ತು.

ಎನ್‌ಎಸ್‌ಎಸ್ ಕ್ಯಾಂಪ್, ಎನ್‌ಸಿಸಿ, ಆಟದ ಪಂದ್ಯಕ್ಕೆ ಹೋಗಿದ್ದರೆ ಒ.ಡಿ. (ಆನ್ ಡ್ಯೂಟಿ) ಪತ್ರವನ್ನು ಅದೇ ವಾರ ಕೊಡಿ. ಡೆಂಗಿ ಬಂದು ಮಲಗಿದ್ದರೆ ವೈದ್ಯರ ಸರ್ಟಿಫಿಕೇಟನ್ನು ಕಾಲೇಜಿಗೆ ಬಂದ ದಿನವೇ ಕೊಟ್ಟು, ಒಂದು ಜೆರಾಕ್ಸ್ ಮೇಲೆ ಸೀಲ್ ಹಾಕಿಸಿಕೊಳ್ಳಿ. ಇನ್ನೊಂದು ವಿಷಯ: ದಂಡ ಕಟ್ಟಿ ಹಾಲ್ ಟಿಕೆಟ್ ಸಿಕ್ಕಿತು ಅಂದರೆ ಹಾಜರಾತಿ ಸರಿಹೋಯಿತು ಅಂತಲ್ಲ. ಪರೀಕ್ಷೆಗೆ ಕೂರಲು ಬಿಟ್ಟರು, ಅಷ್ಟೇ. ರಿಜಿಸ್ಟರ್‌ನ ಅಂಕಿ ಇದ್ದಲ್ಲೇ ಇರುತ್ತದೆ.

ಅಂಕ: ಪಾಸ್ ಆದರೆ ಸಾಲದು

ಬಹಳ ಕಡೆ ಪಾಸಾಗಲು 40 ಸಾಕು. ಈ ಸ್ಕಾಲರ್‌ಶಿಪ್‌ಗೆ 50 ಬೇಕು. ನಡುವಿನ ಈ ಹತ್ತು ಅಂಕದ ಗುಂಡಿಗೆ ಬೀಳುವವರು ಎಲ್ಲ ವಿಷಯ ಪಾಸಾದ ಖುಷಿಯಲ್ಲಿರುತ್ತಾರೆ.

ಒಂದು ಸಮಾಧಾನ ಇದೆ. ಫಾರಂನಲ್ಲಿ ಕೇಳುವುದು ಹಿಂದಿನ ವರ್ಷದ ಶೇಕಡಾವಾರು. ಮೊದಲ ಸೆಮಿಸ್ಟರ್‌ನಲ್ಲಿ 600ಕ್ಕೆ 274 ಬಂತು ಅನ್ನಿ, ಶೇ 46ರ ಹತ್ತಿರ. ಎರಡನೆಯದರಲ್ಲಿ 326 ತೆಗೆದರೆ ಎರಡೂ ಸೇರಿ 1,200ಕ್ಕೆ 600, ಸರಿಯಾಗಿ 50. ಹಾಗಾಗಿ ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ದಿನವೇ, ಬೇಜಾರು ಮಾಡಿಕೊಂಡ ಮೇಲೆ, ಎರಡನೆಯದರಲ್ಲಿ ಎಷ್ಟು ಬೇಕು ಎಂದು ಬರೆದಿಡಿ.

ಗ್ರೇಡ್ ಇರುವ ಕಡೆ ಜೋಪಾನ. ಸಿಜಿಪಿಎಯನ್ನು (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡ್ ಅಂಕ) ಶೇಕಡಾಕ್ಕೆ ತರುವ ಸೂತ್ರ ಎಲ್ಲ ಕಡೆ ಒಂದೇ ಅಲ್ಲ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುನ ಹಳೆಯ ಸಿಬಿಸಿಎಸ್ ಸ್ಕೀಮ್‌ನಲ್ಲಿ (ಗ್ರೇಡ್ ಪದ್ಧತಿ) ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುತ್ತಿದ್ದರು. 5.4 ಇದ್ದವನು ಸುಮ್ನೆ ಹತ್ತರಿಂದ ಗುಣಿಸಿದರೆ 54 ಎಂದು ಹಾಕುತ್ತಾನೆ, ಆ ಸೂತ್ರದಲ್ಲಿ ಬರುವುದು 46.5. ಒಂದು ಕಡೆ ಪಾಸ್, ಇನ್ನೊಂದು ಕಡೆ ಅರ್ಜಿಯೇ ತಿರಸ್ಕಾರ. ನಿಮ್ಮ ಸ್ಕೀಮ್‌ನ ಸೂತ್ರ ಯಾವುದು ಎಂದು ಪರೀಕ್ಷಾ ವಿಭಾಗದಲ್ಲಿ ಕೇಳಿ, ಗೆಳೆಯರನ್ನು ಕೇಳಬೇಡಿ.

ಬ್ಯಾಕ್ ಉಳಿದಿದ್ದರೆ, ರೀವ್ಯಾಲ್ಯುಯೇಷನ್‌ಗೆ ಹಾಕಿದ್ದರೆ ನಿಮ್ಮಷ್ಟಕ್ಕೆ ನೀವೇ "ನಂಗೆ ಬರಲ್ಲ" ಎಂದು ಕೈಬಿಡಬೇಡಿ. ಅಂಕಪಟ್ಟಿ ಹಿಡಿದು ಕಾಲೇಜಿನ ನೋಡಲ್ ಅಧಿಕಾರಿಯನ್ನು (ಸ್ಕಾಲರ್‌ಶಿಪ್ ಕೆಲಸ ನೋಡಿಕೊಳ್ಳುವವರು) ನೋಡಿ. ಅಮೆರಿಕದಲ್ಲಿ ಸರ್ಕಾರಿ ನೆರವು ಪಡೆಯುವ ವಿದ್ಯಾರ್ಥಿ ಓದಿನಲ್ಲಿ ಹಿಂದೆ ಬಿದ್ದರೆ, ಕಾಲೇಜು ಒಂದು ಸೆಮಿಸ್ಟರ್ ಎಚ್ಚರಿಕೆಯ ಅವಧಿ ಕೊಟ್ಟು ನೋಡಬಹುದು, ಆಮೇಲೂ ಕಾರಣ ಬರೆದು ಮೇಲ್ಮನವಿ ಹಾಕಲು ದಾರಿ ಇಟ್ಟಿರುತ್ತಾರೆ. ನಮ್ಮ ಫಾರಂನಲ್ಲಿ ಹಾಗೆ ಕಾರಣ ಬರೆಯುವ ಜಾಗ ಹುಡುಕಬೇಡಿ. ಮಾತಾಡುವುದಿದ್ದರೆ ಅರ್ಜಿ ಹಾಕುವ ಮೊದಲೇ ಮಾತಾಡಿ.

ಅರ್ಜಿ: ನಿಮ್ಮ ಮೊಬೈಲ್, ನಿಮ್ಮ ಕೈ

ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ (ಎನ್‌ಎಸ್‌ಪಿ) ತೆರೆದ ಮೇಲೆ ಹೊಸ ಅರ್ಜಿ ಹಾಕಬೇಡಿ, ರಿನ್ಯೂವಲ್‌ಗೇ ಹೋಗಿ. ಒಂದು ಸಲದ ನೋಂದಣಿಯ 14 ಅಂಕಿಯ ಒಟಿಆರ್ ಸಂಖ್ಯೆ ಓದು ಮುಗಿಯುವವರೆಗೂ ಅದೇ. ಅದನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದು ಇಡುವುದಲ್ಲದೆ, ಮನೆಯಲ್ಲಿ ರೇಷನ್ ಕಾರ್ಡ್ ಇಡುವ ಕವರ್‌ನಲ್ಲೂ ಒಂದು ಚೀಟಿ ಇಡಿ. ಮೊಬೈಲ್ ಬಿದ್ದು ಒಡೆಯುತ್ತದೆ.

ಒಂದು ಸಲ ಎರಡನೇ ಬಿ.ಎಸ್ಸಿ.ಯ ಹುಡುಗಿಯೊಬ್ಬಳು ಕಣ್ಣೀರು ಹಾಕಿಕೊಂಡು ಬಂದಳು. ಹಾಜರಾತಿ 91, ಅಂಕ 78. ಎಲ್ಲ ಸರಿ ಇದೆ, ಹಣ ಇಲ್ಲ. ಲಾಗಿನ್ ಆಗಿ ನೋಡಿದರೆ ಅರ್ಜಿ 'ಡಿಫೆಕ್ಟಿವ್' ಎಂದು ವಾಪಸ್ ಬಂದು ಎಷ್ಟೋ ದಿನ ಆಗಿದೆ. ತಪ್ಪೇನು ಅಂದರೆ ಅಂಕಪಟ್ಟಿಯ ಬದಲು ಹಾಲ್ ಟಿಕೆಟ್ ಅಪ್‌ಲೋಡ್ ಆಗಿದೆ. ಮೆಸೇಜ್ ಯಾಕೆ ಬರಲಿಲ್ಲ? ಬಂದಿತ್ತು, ಸೈಬರ್ ಸೆಂಟರ್‌ನವರ ನಂಬರಿಗೆ. ನೋಂದಣಿ ದಿನ ಇವಳ ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ, ಅವರು ತಮ್ಮದೇ ನಂಬರ್ ಹಾಕಿ ಕೆಲಸ ಮುಗಿಸಿದ್ದರು. ತಿದ್ದುವ ಕೊನೆಯ ದಿನ ಅಷ್ಟರಲ್ಲಿ ಮುಗಿದಿತ್ತು.

ಸೈಬರ್ ಸೆಂಟರ್‌ಗೆ ಹೋಗಬೇಡಿ ಎನ್ನುತ್ತಿಲ್ಲ. ಹೋಗಿ, ಆದರೆ ನಂಬರ್ ನಿಮ್ಮದಿರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಸಬ್ಮಿಟ್ ಒತ್ತುವ ಮೊದಲು ಅಪ್‌ಲೋಡ್ ಆದ ಒಂದೊಂದು ಫೈಲನ್ನೂ ತೆರೆದು ನೋಡಿ. ಹೆಸರಿನ ಅಕ್ಷರ, ಇನಿಷಿಯಲ್ ಆಧಾರ್‌ನಲ್ಲಿ ಇರುವ ಹಾಗೇ ಇರಲಿ.

ಕಾಲೇಜಿನ ಹಂತ

ಸಬ್ಮಿಟ್ ಆಯಿತು ಅಂದರೆ ಅರ್ಧ ಕೆಲಸ ಆಯಿತು. ಮೊದಲು ಕಾಲೇಜು ಪರಿಶೀಲಿಸಬೇಕು, ಆಮೇಲೆ ಮೇಲಿನ ಹಂತ. ನಿಮಗೆ ಕೊನೆಯ ದಿನಾಂಕ ಇರುವ ಹಾಗೆ ಕಾಲೇಜಿಗೂ ಒಂದು ಕೊನೆಯ ದಿನಾಂಕ ಇರುತ್ತದೆ. ಅರ್ಜಿಯ ಪ್ರಿಂಟ್, ಅಂಕಪಟ್ಟಿ, ಶುಲ್ಕದ ರಸೀದಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ ಒಟ್ಟಿಗೆ ಪಿನ್ ಮಾಡಿ ಆಫೀಸಿಗೆ ಕೊಡಿ. ಹದಿನೈದು ದಿನಕ್ಕೊಮ್ಮೆ ಲಾಗಿನ್ ಆಗಿ ಸ್ಟೇಟಸ್ ನೋಡಿ. ಆಫೀಸಿನಲ್ಲಿ ನಮ್ಮಂಥವರಿಗೆ ಪರೀಕ್ಷೆ, ನ್ಯಾಕ್, ಅಡ್ಮಿಷನ್ ಎಲ್ಲ ಒಟ್ಟಿಗೇ ಇರುತ್ತದೆ. ಬಂದು ನೆನಪಿಸುವ ವಿದ್ಯಾರ್ಥಿಯ ಮೇಲೆ ನಾವು ರೇಗುತ್ತೇವೆ, ಹೌದು. ಆದರೆ ಅವನ ಫೈಲು ಮೊದಲು ಹೋಗುತ್ತದೆ.

ಕಾಲೇಜು ಬದಲಿಸುವವರು ಹಳೆಯ ಕಾಲೇಜು ಬಿಡುವ ಮೊದಲೇ ಎರಡೂ ಕಡೆಯ ನೋಡಲ್ ಅಧಿಕಾರಿಗಳಿಗೆ ತಿಳಿಸಿ. ಹೊಸ ಕಾಲೇಜಿಗೆ ಐಶೆ ಕೋಡ್ (ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಕಾಲೇಜಿಗೆ ಕೊಡುವ ಸಂಖ್ಯೆ) ಇದೆಯೇ ಎಂದೂ ನೋಡಿಕೊಳ್ಳಿ.

ಹಣ ಯಾವ ಖಾತೆಗೆ ಹೋಯಿತು?

ಫಾರಂನಲ್ಲಿ ಬರೆದ ಖಾತೆಗೇ ಹಣ ಬರುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಆಧಾರ್ ಮೂಲಕ ಕಳಿಸುವ ಹಣ, ನೀವು ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ಸಿಮ್ ತಗೊಳ್ಳುವಾಗ ಬೆರಳು ಒತ್ತಿ ತೆರೆದ ಖಾತೆಯೊಂದು ಇದ್ದು, ನಿಮಗೇ ಮರೆತು ಹೋಗಿರಬಹುದು. ಮೈಆಧಾರ್ ತಾಣಕ್ಕೆ ಹೋಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಅರ್ಜಿ ಹಾಕುವ ಮೊದಲೇ ನೋಡಿ. ಬೇರೆ ಬ್ಯಾಂಕ್ ತೋರಿಸಿದರೆ ನಿಮ್ಮ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ಕೊಡಿ. ಖಾತೆಗೆ ಆಧಾರ್ 'ಲಿಂಕ್' ಆಗಿದೆ ಎಂದು ಕೌಂಟರ್‌ನಲ್ಲಿ ಹೇಳಿ ಕಳಿಸುತ್ತಾರೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ದಾಖಲೆ) ಆಗಿದೆಯಾ ಎಂದು ಬಿಡಿಸಿ ಕೇಳಿ. ವ್ಯವಹಾರವೇ ಇಲ್ಲದೆ ಖಾತೆ ನಿಂತುಹೋಗಿದ್ದರೆ ನೂರು ರೂಪಾಯಿ ಹಾಕಿ, ಕೆವೈಸಿ ಕೊಟ್ಟು ಎಬ್ಬಿಸಿ.

ಎಲ್ಲ ಹಂತ ದಾಟಿಯೂ ಹಣ ಕಾಣದಿದ್ದರೆ, ಕೇಂದ್ರ ಸರ್ಕಾರದ ಪಾವತಿಗಳನ್ನು ನೋಡುವ ಪಿಎಫ್‌ಎಂಎಸ್ ತಾಣದಲ್ಲಿ ಎನ್‌ಎಸ್‌ಪಿ ಪಾವತಿ ಹುಡುಕುವ ಕೊಂಡಿ ಇದೆ. ಅಲ್ಲಿ ಅರ್ಜಿ ಸಂಖ್ಯೆ ಹಾಕಿ ನೋಡಿ, ಆಮೇಲೆ ಆಫೀಸ್ ಕಿಟಕಿಗೆ ಬನ್ನಿ. ಬರುವಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡೇ ಬನ್ನಿ. ಹಣ ಬಂದೇ ಇಲ್ಲ ಎಂದು ವಾದ ಮಾಡಿ, ಎಂಟ್ರಿ ಹಾಕಿಸಿದ ಮೇಲೆ ತಲೆ ಕೆರೆದುಕೊಂಡು ಹೋದವರು ವರ್ಷಕ್ಕೆ ನಾಲ್ಕೈದು ಜನ ಇದ್ದೇ ಇರುತ್ತಾರೆ.